ನಮ್ಮದಲ್ಲದ ಯುದ್ಧ, ನಮ್ಮವರ ರಕ್ತ
(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪ್ರಥಮ ಜಾಗತಿಕ ಯುದ್ಧದಲ್ಲಿ ಭಾರತ ಎಂಬುದು ಇಂದು ನಮಗೆ ವಹಿಸಲಾಗಿರುವ ವಿಷಯ. ನೂರು ವರ್ಷಗಳ ಹಿಂದೆಯೇ ಮುಗಿದುಹೋದ ಯುದ್ಧದ ಗೊಡವೆ ಈಗೇಕೆ ಎಂದು ತಮ್ಮಲ್ಲಿ ಕೆಲವರಾದರೂ ಯೋಚಿಸಿರಬಹುದು. ಯುದ್ಧ ಮುಗಿದಿದೆ ನಿಜ, ಅದರ ಮೇಲಿನ ಹಕ್ಕುಸ್ವಾಮ್ಯದ ವಾದ ಮುಗಿದಿಲ್ಲ. ದಿಲ್ಲಿಯ ತೀನ್ ಮೂರ್ತಿ ಚೌಕದಲ್ಲಿರುವ ಮೂರು ಪ್ರತಿಮೆಗಳು ಮೈಸೂರು, ಜೋಧ್‌ಪುರ, ಹೈದರಾಬಾದ್ ಸಂಸ್ಥಾನಗಳ ಅಶ್ವದಳಗಳ ಸ್ಮಾರಕ. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿ ಬಂದಾಗ ಆ ಚೌಕಕ್ಕೆ ಹೈಫಾದ ಹೆಸರನ್ನು ಸೇರಿಸಲಾಯಿತು. ಭಾರತೀಯರು ಹೈಫಾವನ್ನು 'ವಿಮೋಚನೆ'ಗೊಳಿಸಿದರು ಎಂಬ ಮಾತು ಅಂದಿನಿಂದ ಮತ್ತೆ ಮತ್ತೆ ಕೇಳಿಬರುತ್ತಿದೆ. ಯಾರಿಂದ ವಿಮೋಚನೆ, ಯಾರಿಗಾಗಿ ವಿಮೋಚನೆ ಎಂದು ಕೇಳುವವರು ಮಾತ್ರ ವಿರಳ.

ಆರಂಭದಿಂದ ನೋಡೋಣ. 1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ವಿರುದ್ಧ ಯುದ್ಧ ಸಾರಿತು. ಅದರೊಂದಿಗೆ ಭಾರತವೂ ಯುದ್ಧದಲ್ಲಿತ್ತು. ಇಲ್ಲಿಯ ಒಬ್ಬ ಪ್ರಜೆಯ ಅಭಿಪ್ರಾಯವನ್ನೂ ಯಾರೂ ಕೇಳಲಿಲ್ಲ. ಅದೇ ವರ್ಷ ಲಾಹೋರ್ ಮತ್ತು ಮೀರತ್ ಡಿವಿಜನ್‌ಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಯುದ್ಧ ಮುಗಿಯುವ ಹೊತ್ತಿಗೆ ಸಮುದ್ರದಾಚೆ ಕಳುಹಿಸಲ್ಪಟ್ಟ ಭಾರತೀಯರ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಮಡಿದವರು 74,000ಕ್ಕೂ ಹೆಚ್ಚು. 1917ರಲ್ಲಿ ಭಾರತದ ಬೊಕ್ಕಸದಿಂದ 10 ಕೋಟಿ ಪೌಂಡುಗಳನ್ನು ಬ್ರಿಟನ್ನಿಗೆ 'ಕೊಡುಗೆ'ಯಾಗಿ ನೀಡಲಾಯಿತು. ಕೊಟ್ಟವರೂ ಅವರೇ, ಪಡೆದವರೂ ಅವರೇ! ನಮ್ಮ ಮೈಸೂರಿನ ಮಹಾರಾಜರು 50 ಲಕ್ಷ ರೂಪಾಯಿ ನೀಡಿದರು.

ಆಗ ನಾಯಕರೆನಿಸಿಕೊಂಡವರು ಏನು ಮಾಡುತ್ತಿದ್ದರು? ಸಾಮ್ರಾಜ್ಯಕ್ಕೆ ನೆರವಾದರೆ ಸ್ವಯಮಾಡಳಿತ ದೊರೆತೀತೆಂಬ ಆಸೆ ಬಹುತೇಕ ಎಲ್ಲರಲ್ಲಿತ್ತು. ಅಹಿಂಸೆಯ ಪ್ರತಿಪಾದಕರಾದ ಗಾಂಧೀಜಿಯವರೇ 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಸೈನಿಕರ ನೇಮಕಾತಿಗಾಗಿ ಓಡಾಡಿದರು. ಪಂಜಾಬಿನಲ್ಲಂತೂ ನೇಮಕಾತಿಯು ಬಲವಂತದ ರೂಪವನ್ನೇ ತಾಳಿತ್ತು.

ಇನ್ನು ಮುಸ್ಲಿಮರ ಸ್ಥಿತಿ. ತುರ್ಕಿಯು ಜರ್ಮನಿಯ ಪಕ್ಷ ವಹಿಸಿತು. 1914ರ ನವೆಂಬರ್ 14ರಂದು ಇಸ್ತಾಂಬುಲ್‌ನಲ್ಲಿ ಖಲೀಫರ ಹೆಸರಿನಲ್ಲಿ ಜಿಹಾದ್‌ನ ಫತ್ವಾ ಓದಲಾಯಿತು. ಬ್ರಿಟಿಷ್ ಸೇನೆಯಲ್ಲಿದ್ದ ಮುಸ್ಲಿಮ್ ಸಿಪಾಯಿ ಯಾರ ಮಾತು ಕೇಳಬೇಕು? ಹೈದರಾಬಾದಿನ ನಿಜಾಮರು ಬ್ರಿಟಿಷರಿಗೆ ನಿಷ್ಠರಾಗಿರಬೇಕೆಂದು ಮುಸ್ಲಿಮರಿಗೆ ಕರೆ ನೀಡಿದರು. ಆಗಾ ಖಾನರೂ ಅದನ್ನೇ ಹೇಳಿದರು. ಇನ್ನೊಂದೆಡೆ ಅಲಿ ಸಹೋದರರು ಬಂಧನದಲ್ಲಿದ್ದರು, ಮೌಲಾನಾ ಆಝಾದ್ ರಾಂಚಿಯಲ್ಲಿ ಗೃಹಬಂಧಿಯಾದರು, ದೇವ್‌ಬಂದ್‌ನ ಶೈಖುಲ್ ಹಿಂದ್ ಮಹ್ಮೂದ್ ಹಸನ್ ಮಾಲ್ಟಾ ದ್ವೀಪದ ಸೆರೆಮನೆ ಸೇರಿದರು. ಶೈಖುಲ್ ಹಿಂದ್‌ರನ್ನು ಹಿಜಾಝ್‌ನಲ್ಲಿ ಹಿಡಿದು ಬ್ರಿಟಿಷರಿಗೆ ಒಪ್ಪಿಸಿದವರಾರು? ಬ್ರಿಟಿಷರ ಬೆಂಬಲದಿಂದ 1916ರಲ್ಲಿ ಖಲೀಫರ ವಿರುದ್ಧ ದಂಗೆಯೆದ್ದ ಮಕ್ಕಾದ ಶರೀಫ್ ಹುಸೈನರ ಆಡಳಿತ. ಈ ಪ್ರಸಂಗವನ್ನು ನಮ್ಮ ವೇದಿಕೆಗಳಲ್ಲಿ ಸಾಮಾನ್ಯವಾಗಿ ಹೇಳಲಾಗುವುದಿಲ್ಲ. ಹೇಳಿದರೆ 'ಸಮುದಾಯದ ಐಕ್ಯ'ದ ಭಾಷಣಕ್ಕೆ ಅಡ್ಡಿಯಾಗುತ್ತದೆ.

ಸಾಮ್ರಾಜ್ಯಗಳು ಧರ್ಮವನ್ನು ಹೇಗೆ ಬಳಸಿಕೊಂಡವೆಂಬುದಕ್ಕೆ ಎರಡು ಕಟ್ಟಡಗಳನ್ನು ನೋಡಿದರೆ ಸಾಕು. ಬರ್ಲಿನ್ ಸಮೀಪದ ವ್ಯುನ್ಸ್‌ಡೋರ್ಫ್‌ನಲ್ಲಿ ಜರ್ಮನರು ಮುಸ್ಲಿಮ್ ಯುದ್ಧಕೈದಿಗಳಿಗಾಗಿ 1915ರಲ್ಲಿ ಮರದ ಮಸೀದಿ ಕಟ್ಟಿದರು. ಕೈದಿಗಳನ್ನು ಬ್ರಿಟನ್ ಮತ್ತು ಫ್ರಾನ್ಸಿನ ವಿರುದ್ಧ ತಿರುಗಿಸುವುದೇ ಉದ್ದೇಶ. ಬ್ರಿಟಿಷರು ಮುಸ್ಲಿಮ್ ಸೈನಿಕರನ್ನು ವಿಧಿವತ್ತಾಗಿ ದಫನ ಮಾಡುವುದಿಲ್ಲವೆಂದು ಜರ್ಮನಿ ಪ್ರಚಾರ ಮಾಡಿದಾಗ, ಬ್ರಿಟಿಷರು ಇಂಗ್ಲೆಂಡಿನ ವೋಕಿಂಗ್‌ನಲ್ಲಿ ಗುಮ್ಮಟವುಳ್ಳ ಖಬರಸ್ತಾನವನ್ನೇ ನಿರ್ಮಿಸಿದರು. ಒಬ್ಬರು ನಮಾಝಿಗೆ ಜಾಗ ಕೊಟ್ಟರು, ಇನ್ನೊಬ್ಬರು ಖಬರಿಗೆ. ಸಿಪಾಯಿ ಊರಿಗೆ ಬರೆದ ಕಾಗದವನ್ನು ಮಾತ್ರ ಸೆನ್ಸಾರ್ ಅಧಿಕಾರಿ ಒಡೆದು ಓದುತ್ತಿದ್ದ. ಆದ್ದರಿಂದಲೇ ನಮ್ಮವರು ಸಂಕೇತದಲ್ಲಿ ಬರೆದರು: ಕರಿಮೆಣಸೆಂದರೆ ಭಾರತೀಯ ಸೈನಿಕರು, ಕೆಂಪು ಮೆಣಸೆಂದರೆ ಬಿಳಿಯರು.

ನಿರಾಕರಿಸಿದವರೂ ಇದ್ದರು. 1915ರ ಫೆಬ್ರವರಿ 15ರಂದು ಸಿಂಗಾಪುರದಲ್ಲಿ 5ನೇ ಲೈಟ್ ಇನ್‌ಫೆಂಟ್ರಿಯ ಸಿಪಾಯಿಗಳು ಬಂಡೆದ್ದರು. 47 ಮಂದಿಯನ್ನು ಜನರ ಎದುರೇ ಗುಂಡಿಕ್ಕಿ ಕೊಲ್ಲಲಾಯಿತು. ಮರುವರ್ಷ ಬಸ್ರಾದಲ್ಲಿ 15ನೇ ಲ್ಯಾನ್ಸರ್ಸ್‌ನ ಸವಾರರು ಇರಾಕಿನ ಪವಿತ್ರ ನೆಲದಲ್ಲಿ ತಮ್ಮ ಧರ್ಮಬಾಂಧವರ ಮೇಲೆ ಆಯುಧ ಎತ್ತಲಾರೆವೆಂದು ಮುನ್ನಡೆಯಲು ನಿರಾಕರಿಸಿದರು. ಅವರಿಗೆ ದೊರೆತದ್ದು ಕೋರ್ಟ್ ಮಾರ್ಷಲ್. ಆದರೆ ಇವರು ಬೆರಳೆಣಿಕೆಯವರು. ಬಹುಪಾಲು ಮುಸ್ಲಿಮ್ ಸಿಪಾಯಿಗಳು ಕೊನೆಯವರೆಗೂ ಬ್ರಿಟಿಷರಿಗಾಗಿಯೇ ಹೋರಾಡಿದರು. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ ಖುದಾದಾದ್ ಖಾನ್. ಮುಸ್ಲಿಮರನ್ನು ದ್ರೋಹಿಗಳೆನ್ನುವವರಿಗೂ, ಇಡೀ ಸಮುದಾಯ ಖಲೀಫರ ಬೆನ್ನಿಗೆ ನಿಂತಿತ್ತೆನ್ನುವ ನಮ್ಮ ಭಾಷಣಕಾರರಿಗೂ ಇದು ರುಚಿಸಲಾರದು.

ಇರಾಕ್‌ನ ಕಥೆ ಎಲ್ಲಕ್ಕಿಂತ ದಾರುಣವಾದುದು. ಅತ್ಯಧಿಕ ಭಾರತೀಯರು ಹೋದದ್ದು ಅಲ್ಲಿಗೆ. ಬಗ್ದಾದನ್ನು ಹಿಡಿಯುವ ಆತುರದಲ್ಲಿ ಮುನ್ನುಗ್ಗಿದ ಜನರಲ್ ಟೌನ್ಶೆಂಡ್ ಹಿಮ್ಮೆಟ್ಟಬೇಕಾಗಿ ಬಂದು, 1915ರ ಡಿಸೆಂಬರ್‌ನಲ್ಲಿ ಟೈಗ್ರಿಸ್ ದಂಡೆಯ ಕುತ್ ಪಟ್ಟಣದಲ್ಲಿ ಸಿಲುಕಿಕೊಂಡ. ಸುಮಾರು ಐದು ತಿಂಗಳ ಮುತ್ತಿಗೆ. ಧಾನ್ಯ ಮುಗಿಯಿತು, ಕುದುರೆಗಳನ್ನು ಕೊಲ್ಲಲಾಯಿತು. ಭಾರತೀಯ ಸಿಪಾಯಿಗಳಲ್ಲಿ ಅನೇಕರು, ಹಿಂದೂಗಳೂ ಮುಸ್ಲಿಮರೂ, ಆ ಮಾಂಸವನ್ನು ಮುಟ್ಟಲಿಲ್ಲ. ಕುದುರೆ ಮಾಂಸದ ಬಗ್ಗೆ ನಮ್ಮ ಫಿಕ್ಹ್ ಗ್ರಂಥಗಳಲ್ಲಿ ಅಭಿಪ್ರಾಯಭೇದವಿದೆ. ಶಾಫಿಈ ಮದ್‌ಹಬ್‌ನಲ್ಲಿ ಅದು ಸಮ್ಮತವೇ. ಪ್ರಾಣ ಹೋಗುವಾಗ ನಿಷಿದ್ಧವೂ ಅನುಮತಿಸಲ್ಪಡುತ್ತದೆ ಎಂದು ಮದ್ರಸಾದ ಎಳೆಯ ವಿದ್ಯಾರ್ಥಿಯೂ ಬಲ್ಲ. ಆದರೆ ಆ ಸಿಪಾಯಿಗಳಿಗೆ ಉಳಿದಿದ್ದ ಆಯ್ಕೆ ಅದೊಂದೇ ಆಗಿತ್ತೇನೋ! ಯಾರೊಂದಿಗೆ ಕಾದಾಡಬೇಕೆಂಬ ಆಯ್ಕೆ ಇರಲಿಲ್ಲ, ಎಲ್ಲಿ ಸಾಯಬೇಕೆಂಬುದೂ ಕೈಯಲ್ಲಿರಲಿಲ್ಲ. ತಟ್ಟೆಯಲ್ಲಿರುವುದನ್ನು ದೂರ ಸರಿಸುವ ಸ್ವಾತಂತ್ರ್ಯವಷ್ಟೇ ಇತ್ತು. 1916ರ ಎಪ್ರಿಲ್ 29ರಂದು ಸುಮಾರು 13,000 ಮಂದಿ ಶರಣಾದರು. ತುರ್ಕರ ಸೆರೆಯಲ್ಲಿ ಮರುಭೂಮಿಯ ಹಾದಿಯುದ್ದಕ್ಕೂ ಸಾವಿರಾರು ಮಂದಿ ಹಸಿವು, ರೋಗ, ಹೊಡೆತಗಳಿಂದ ಸತ್ತರು. ಖಲೀಫರ ಸೇನೆಯೇ ಆಗಿದ್ದರೂ ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಟೌನ್ಶೆಂಡ್ ಮಾತ್ರ ಇಸ್ತಾಂಬುಲ್ ಬಳಿಯ ದ್ವೀಪದಲ್ಲಿ ಸುಖವಾಗಿದ್ದ.

ಈಗ ಹೈಫಾಕ್ಕೆ ಬರೋಣ. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಈಟಿ ಹಿಡಿದು ಕುದುರೆಯ ಮೇಲೆ ನುಗ್ಗಿ, ಕಾರ್ಮೆಲ್ ಬೆಟ್ಟದ ಫಿರಂಗಿಗಳನ್ನೂ ಮೆಷಿನ್ ಗನ್‌ಗಳನ್ನೂ ವಶಪಡಿಸಿಕೊಂಡು ಪಟ್ಟಣವನ್ನು ಗೆದ್ದರು. ಅದು ಅಪ್ರತಿಮ ಶೌರ್ಯವೆಂಬುದರಲ್ಲಿ ಸಂದೇಹವಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕವಿದೆ, ಹೋಗಿ ನೋಡಬಹುದು. ಆದರೆ ಹೈಫಾ ಅಂದು ಅರಬರೇ ಬಹುಸಂಖ್ಯಾತರಾಗಿದ್ದ ಉಸ್ಮಾನಿಯಾ ಪಟ್ಟಣ. ಅದಕ್ಕೆ ಹತ್ತು ತಿಂಗಳ ಹಿಂದೆ, 1917ರ ನವೆಂಬರ್ 2ರಂದೇ ಬಾಲ್ಫರ್ ಘೋಷಣೆ ಹೊರಟಿತ್ತು. 1916ರ ಸೈಕ್ಸ್–ಪೀಕೋ ರಹಸ್ಯ ಒಪ್ಪಂದದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಆ ನಾಡನ್ನು ನಕಾಶೆಯ ಮೇಲೆ ಹಂಚಿಕೊಂಡಿದ್ದವು. ಮೈಸೂರಿನ ಸವಾರನಿಗೆ ಇದಾವುದೂ ತಿಳಿದಿರಲಿಲ್ಲ. ಅವನು ಗೆದ್ದುಕೊಟ್ಟ ನೆಲ ಬ್ರಿಟಿಷರ ಪಾಲಾಯಿತು. ಅವನ ಶೌರ್ಯವನ್ನು ಗೌರವಿಸುವುದು ಬೇರೆ, ಅವನ ಬಾಯಿಗೆ ನಮ್ಮ ಕಾಲದ ರಾಜಕೀಯವನ್ನು ತುರುಕುವುದು ಬೇರೆ.

ಪ್ರತಿಫಲವೇನೆಂಬುದು ತಮಗೆ ತಿಳಿದೇ ಇದೆ. 1919ರ ಮಾರ್ಚ್‌ನಲ್ಲಿ ರೌಲತ್ ಕಾಯ್ದೆ, ಎಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್. ಅತಿ ಹೆಚ್ಚು ಸೈನಿಕರನ್ನು ಕೊಟ್ಟ ಪಂಜಾಬಿನ ಮೇಲೆಯೇ ಗುಂಡು ಹಾರಿತು. ಪವಿತ್ರ ಸ್ಥಳಗಳ ಬಗ್ಗೆ, ಖಿಲಾಫತ್‌ನ ಬಗ್ಗೆ ಮುಸ್ಲಿಮರಿಗೆ ಕೊಟ್ಟ ಭರವಸೆಗಳ ಗತಿ ಏನಾಯಿತೆಂಬುದನ್ನು 1920ರ ಸೆವ್ರ್ ಒಪ್ಪಂದ ತೋರಿಸಿತು. ಹಿಂದೂ–ಮುಸ್ಲಿಮರು ಒಂದಾಗಿ ಬೀದಿಗಿಳಿದ ಅಸಹಕಾರ ಚಳವಳಿಯು ಆ ಮೋಸದ ಅರಿವಿನಿಂದ ಬಲ ಪಡೆಯಿತು.

ಮಾತು ಮುಗಿಸುವ ಮುನ್ನ ಇನ್ನೊಂದು ಸಂಗತಿ. ಇರಾಕಿನಲ್ಲಿ ಮಡಿದ, ಗೋರಿಯೂ ಇಲ್ಲದ 40,000ಕ್ಕೂ ಹೆಚ್ಚು ಮಂದಿಗಾಗಿ ಬಸ್ರಾದಲ್ಲಿ 1929ರಲ್ಲಿ ಒಂದು ಸ್ಮಾರಕ ಎದ್ದಿತು. ಬಿಳಿಯ ಸೈನಿಕರ ಹೆಸರುಗಳನ್ನೆಲ್ಲ ಅದರ ಕಲ್ಲಿನಲ್ಲಿ ಕೊರೆಯಲಾಯಿತು. ಭಾರತೀಯರಲ್ಲಿ ಅಧಿಕಾರಿಗಳ ಹೆಸರುಗಳಷ್ಟೇ ಇವೆ. ಸಾಮಾನ್ಯ ಸಿಪಾಯಿಗಳನ್ನು ರೆಜಿಮೆಂಟಿಗೆ ಇಷ್ಟು ಮಂದಿ ಎಂದು ಬರಿಯ ಸಂಖ್ಯೆಯಲ್ಲಿ ನಮೂದಿಸಲಾಗಿದೆ. ಇದು ತಾರತಮ್ಯವೆಂದು ಯುದ್ಧಸಮಾಧಿಗಳ ಉಸ್ತುವಾರಿ ಹೊತ್ತ ಆಯೋಗವು ಒಪ್ಪಿ ಕ್ಷಮೆ ಕೇಳಿದ್ದು 2021ರಲ್ಲಿ. ಆ ಸಂಖ್ಯೆಗಳಲ್ಲಿ ರಾಮನೆಷ್ಟು, ರಹೀಮನೆಷ್ಟು ಎಂಬುದನ್ನು ಆ ಕಲ್ಲು ಹೇಳುವುದಿಲ್ಲ.