ಹೊಸ ವಿದ್ಯುತ್ ಕಾರೋ, ಬಳಸಿದ ಪೆಟ್ರೋಲ್ ಕಾರೋ?

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಕೆಲವು ದಿನಗಳ ಹಿಂದೆ ನಮ್ಮ ಸದಸ್ಯರೊಬ್ಬರು ನನ್ನನ್ನು ಕಂಡರು. ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಗ್ರಾಚ್ಯುಯಿಟಿಯ ಹಣ ಬ್ಯಾಂಕಿನಲ್ಲಿದೆ. ಮನೆಯಾಕೆಗೆ ಮೊಣಕಾಲು ನೋವು. ಲೋಕಲ್ ಗಾಡಿಯ ನೂಕುನುಗ್ಗಲು ಇನ್ನು ಆಗದು. “ಅಣ್ಣಾ, ಒಂದು ಕಾರು ಕೊಳ್ಳಬೇಕೆಂದಿದ್ದೇನೆ. ಮಗ ಹೊಸ ವಿದ್ಯುತ್ ಕಾರು ಎನ್ನುತ್ತಾನೆ. ಅಳಿಯ, ಬಳಸಿದ ಪೆಟ್ರೋಲ್ ಕಾರೇ ಸಾಕು ಎನ್ನುತ್ತಾನೆ. ಯಾರ ಮಾತು ಕೇಳಲಿ?” ಎಂದರು. ಇದು ಅವರೊಬ್ಬರ ಪ್ರಶ್ನೆಯಲ್ಲ. ನಮ್ಮಲ್ಲಿ ಅನೇಕರ ಪ್ರಶ್ನೆ. ಆದುದರಿಂದ ಅವರಿಗೆ ಹೇಳಿದ ಲೆಕ್ಕವನ್ನೇ ಇಲ್ಲಿ ಹೇಳಬಯಸುತ್ತೇನೆ.

ವಿದ್ಯುತ್ ಕಾರು ನಮಗೆ ಹೊಸದಲ್ಲ. 2001ರಲ್ಲಿಯೇ ನಮ್ಮ ಬೆಂಗಳೂರಿನಲ್ಲಿ ‘ರೇವಾ’ ಎಂಬ ಪುಟ್ಟ ಕಾರು ತಯಾರಾಯಿತು. ಆಗ ಅದರಲ್ಲಿದ್ದುದು ಸೀಸದ ಭಾರವಾದ ಬ್ಯಾಟರಿ. ಇಂದಿನ ಕಾರುಗಳಲ್ಲಿ ಲಿಥಿಯಂ ಬ್ಯಾಟರಿ. ಹಲವು ತಯಾರಕರು ಅದಕ್ಕೆ 8 ವರ್ಷ ಅಥವಾ 1,60,000 ಕಿಲೋಮೀಟರುಗಳ ಭರವಸೆ ಕೊಡುತ್ತಾರೆ. 2019ರಲ್ಲಿ ಸರಕಾರ ಇಂಥ ವಾಹನಗಳ ಜಿ.ಎಸ್.ಟಿ.ಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿತು. ಎಂಜಿನ್ ಎಣ್ಣೆ ಬೇಡ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ. ಇವೆಲ್ಲ ನಿಜವಾದ ಗುಣಗಳೇ.

ಈಗ ಹಣದ ಮಾತು. ಸಣ್ಣ ವಿದ್ಯುತ್ ಕಾರು ರಸ್ತೆಗಿಳಿಯುವಷ್ಟರಲ್ಲಿ 9 ಲಕ್ಷ ರೂಪಾಯಿ, ಬಳಸಿದ ಒಳ್ಳೆಯ ಪೆಟ್ರೋಲ್ ಕಾರು 4 ಲಕ್ಷ ಎಂದು ಹಿಡಿಯೋಣ. ಅಂತರ 5 ಲಕ್ಷ. ಪೆಟ್ರೋಲು ಲೀಟರಿಗೆ 100 ರೂಪಾಯಿ, ಲೀಟರಿಗೆ 15 ಕಿಲೋಮೀಟರು ಎಂದರೆ ಕಿಲೋಮೀಟರಿಗೆ ಸುಮಾರು 6 ರೂಪಾಯಿ 67 ಪೈಸೆ. ಮನೆಯ ವಿದ್ಯುತ್ತು ಯೂನಿಟ್ಟಿಗೆ 10 ರೂಪಾಯಿ, ಒಂದು ಯೂನಿಟ್ಟಿಗೆ 6 ಕಿಲೋಮೀಟರು ಎಂದರೆ 1 ರೂಪಾಯಿ 67 ಪೈಸೆ. ಕಿಲೋಮೀಟರಿಗೆ 5 ರೂಪಾಯಿ ಉಳಿತಾಯ.

ನಮ್ಮ ಸದಸ್ಯರು ಆಸ್ಪತ್ರೆ, ದೇವಸ್ಥಾನ, ನೆಂಟರ ಮನೆ ಎಂದು ತಿಂಗಳಿಗೆ 500 ಕಿಲೋಮೀಟರು ಓಡಿಸಿದರೆ ಹೆಚ್ಚು. ವರ್ಷಕ್ಕೆ ಉಳಿಯುವುದು 30,000. ಅದೇ 5 ಲಕ್ಷ ಬ್ಯಾಂಕಿನಲ್ಲಿದ್ದರೆ ಶೇಕಡಾ 6ರಂತೆ ಬಡ್ಡಿಯೇ 30,000! ಅಸಲೂ ಕೈಯಲ್ಲಿರುತ್ತದೆ, ನಾಳೆ ಮನೆಯಾಕೆಯ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಬೇಕೆಂದರೆ ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ.

ಆದರೆ ಠಾಣೆಯಲ್ಲಿರುವ ನಮ್ಮ ಇನ್ನೊಬ್ಬ ತರುಣ ಮಿತ್ರನ ಸಂಗತಿ ಬೇರೆ. ವ್ಯಾಪಾರಕ್ಕಾಗಿ ತಿಂಗಳಿಗೆ 2,000 ಕಿಲೋಮೀಟರು ತಿರುಗುತ್ತಾನೆ. ಅವನಿಗೆ ವರ್ಷಕ್ಕೆ 1,20,000 ಉಳಿಯುತ್ತದೆ. ಆ 5 ಲಕ್ಷವನ್ನು ಶೇಕಡಾ 9ರ ಬಡ್ಡಿಗೆ 5 ವರ್ಷದ ಸಾಲ ಮಾಡಿದರೂ ತಿಂಗಳ ಕಂತು ಸುಮಾರು 10,380, ಉಳಿತಾಯ 10,000. ಹೆಚ್ಚುಕಡಿಮೆ ಪೆಟ್ರೋಲಿನ ಹಣವೇ ಸಾಲ ತೀರಿಸುತ್ತದೆ. ಅವನು ವಿದ್ಯುತ್ ಕಾರನ್ನೇ ಕೊಳ್ಳಲಿ.

ಆದರೆ ಒಂದು ಷರತ್ತು: ಕಾರು ನಿಲ್ಲಿಸಲು ಸ್ವಂತ ಜಾಗ, ಅಲ್ಲಿ ಸ್ವಂತ ಮೀಟರಿನ ಪ್ಲಗ್ಗು ಇರಬೇಕು. ಚಾಳಿನ ಮೂರನೆಯ ಮಾಳಿಗೆಯಿಂದ ಬೀದಿಗೆ ವಯರು ಇಳಿಬಿಡಲಾಗುವುದಿಲ್ಲ. ಹೊರಗಿನ ಕೇಂದ್ರದಲ್ಲಿ ಯೂನಿಟ್ಟಿಗೆ 20 ರೂಪಾಯಿ ಕೊಡಬೇಕಾಗಿ ಬಂದರೆ ಉಳಿತಾಯದ ಮೂರನೆಯ ಒಂದು ಪಾಲು ಹೋಯಿತು. ಸರದಿಯಲ್ಲಿ ಕಾಯುವ ಹೊತ್ತು ಬೇರೆ. ಮುಂಗಡ ಕೊಡುವ ಮೊದಲು ಸೊಸಾಯಿಟಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಊರಿಗೆ ಹೋಗುವುದನ್ನೂ ನೆನೆಯಿರಿ. ಮುಂಬಯಿಯಿಂದ ಮಂಗಳೂರು ಸುಮಾರು 900 ಕಿಲೋಮೀಟರು. ಸಣ್ಣ ಬ್ಯಾಟರಿಯ ಕಾರು ದಾರಿಯಲ್ಲಿ ಹಲವು ಸಲ ನಿಲ್ಲಲೇಬೇಕು.

ಹಾಗೆಂದು ಬಳಸಿದ ಕಾರನ್ನು ಕಣ್ಣು ಮುಚ್ಚಿ ಕೊಳ್ಳಬಾರದು. ನಮ್ಮ ಹಿರಿಯರು ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸದೆ ಹಗ್ಗ ಹಿಡಿಯುತ್ತಿರಲಿಲ್ಲ. ಕಾರಿನ ಹಲ್ಲು ಎಂದರೆ ಅದರ ಕಾಗದಪತ್ರ. ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ಹನ್ನೆರಡು ವರ್ಷದ ಕಾರು ಕೊಂಡರೆ ಮೂರೇ ವರ್ಷದಲ್ಲಿ ತಪಾಸಣೆಗೆ ನಿಲ್ಲಬೇಕು. ಯಂತ್ರಕ್ಕೂ ನಿವೃತ್ತಿಯುಂಟು, ಈ ನಗರದ ಪದ್ಮಿನಿ ಟ್ಯಾಕ್ಸಿಗಳು 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟುದನ್ನು ನೀವೇ ಕಂಡಿದ್ದೀರಿ. ಹಿಂದಿನ ಸಾಲ ತೀರಿದೆಯೆಂಬ ಬ್ಯಾಂಕಿನ ಪತ್ರ, ಬಾಕಿ ದಂಡ, ವಿಮೆ ಇವನ್ನು ನೋಡಿರಿ. ಹೆಸರು ಬದಲಾಗದೆ ಪೂರ್ತಿ ಹಣ ಕೊಡಬೇಡಿರಿ.

ಮಳೆಗಾಲದ ಮುಂಬಯಿಯಲ್ಲಿ ಇನ್ನೊಂದು ಅಪಾಯ: ನೆರೆಯಲ್ಲಿ ಮುಳುಗಿದ ಕಾರು. ನೆಲದ ಜಮಖಾನೆಯನ್ನು ಎತ್ತಿ ಮೂಸಿರಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗುರುತುಂಟೇ ನೋಡಿರಿ. ಸೀಟಿನ ಕೆಳಗಿನ ತುಕ್ಕು ನೋಡಿರಿ. ಈಗ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುವುದರಿಂದ, ಅದಕ್ಕೆಂದು ಮಾಡದ ಹಳೆಯ ಕಾರಿನ ರಬ್ಬರು ಭಾಗಗಳನ್ನೂ ಪರೀಕ್ಷಿಸಬೇಕು. ನಂಬಿಕೆಯ ಮೇಸ್ತ್ರಿಗೆ ಕೊಡುವ ಸಾವಿರ ರೂಪಾಯಿ ನಷ್ಟವಲ್ಲ. ರಿಪೇರಿಗೆಂದು ಪ್ರತಿವರ್ಷ ಸ್ವಲ್ಪ ಹಣ ತೆಗೆದಿಡಿರಿ.

“ಹೊಗೆಯ ಗತಿಯೇನು?” ಎಂದು ತರುಣರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ದೇಶದ ವಿದ್ಯುತ್ತಿನಲ್ಲಿ ಹೆಚ್ಚಿನದು ಇನ್ನೂ ಕಲ್ಲಿದ್ದಲಿನದು. ಆದರೂ ವಿದ್ಯುತ್ ಕಾರು ನಮ್ಮ ಗಲ್ಲಿಯ ಮಕ್ಕಳ ಮೂಗಿಗೆ ಹೊಗೆ ಬಿಡುವುದಿಲ್ಲ. ಹೆಚ್ಚು ಓಡಿಸುವವರು ಮೊದಲು ಬದಲಾಯಿಸಲಿ. ಕಡಮೆ ಓಡಿಸುವವರು ಆಗುವಷ್ಟು ದಿನ ರೈಲಿನಲ್ಲೇ ಹೋಗಲಿ. ಅದೂ ದೊಡ್ಡ ಸೇವೆಯೇ.

ನಮ್ಮ ಸದಸ್ಯರು ಮೊದಲು ನೋಡಿದ ಕಾರಿನ ಸೀಟ್ ಬೆಲ್ಟಿನಲ್ಲಿ ಕೆಸರು ಸಿಕ್ಕಿತು, ಬಿಟ್ಟು ಬಂದರು. ಎರಡನೆಯದು ಆರು ವರ್ಷದ್ದು, ಒಬ್ಬರೇ ಬಳಸಿದ್ದು, ಅದನ್ನು ಕೊಂಡರು. ಮಗನಿಗೆ ಸ್ವಲ್ಪ ಬೇಸರವಾಗಿದೆಯಂತೆ. ಆದರೆ ಕಳೆದ ವಾರ ಮನೆಯಾಕೆ ಸೆರಗು ಹರಿಯದೆ, ಕಾಲು ತುಳಿಸಿಕೊಳ್ಳದೆ ಆಸ್ಪತ್ರೆಗೆ ಹೋಗಿ ಬಂದರು. ಹಾಸಿಗೆ ಇದ್ದಷ್ಟು ಕಾಲು ಚಾಚಿದವರಿಗೆ ರಾತ್ರಿ ನಿದ್ದೆ ಬರುತ್ತದೆ. ಅಂಗಡಿಯ ದೀಪದ ಬೆಳಕಿನಲ್ಲಿ ಅಲ್ಲ, ಮನೆಯ ದೀಪದ ಕೆಳಗೆ ಕಾಗದ ಪೆನ್ಸಿಲು ಹಿಡಿದು ನಿರ್ಧರಿಸಿರಿ. ಇಷ್ಟೇ ನನ್ನ ವಿನಂತಿ.