ಖಾಲಿ ಕೋವಿಗೂ ಬೀಗ ಬೇಕು



ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಕಡೆಯಲ್ಲೂ ಕೋವಿ ಇರುವ ಮನೆಗಳಿವೆ. ಕೊಡಗಿನಿಂದ ಬಂದು ನೆಲೆಸಿದವರು, ಸೇನೆಯಿಂದ ನಿವೃತ್ತರಾದವರು, ಊರಲ್ಲಿ ತೋಟ ಇರುವವರು ಇಟ್ಟುಕೊಂಡಿರುತ್ತಾರೆ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಯನ್ನು ಒರೆಸಿ, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಅಂಥ ಗೌರವ ವರ್ಷದ ಉಳಿದ ದಿನಗಳಲ್ಲೂ ಕೋವಿಗೆ ಸಲ್ಲಬೇಕು. ಅದನ್ನು ಜೋಪಾನವಾಗಿ ಇಡುವುದೇ ಆ ಗೌರವ.

"ಖಾಲಿ ಇದೆ ಬಿಡಿ" ಎಂದು ಕೋವಿಯ ಬಗ್ಗೆ ಯಾರು ಹೇಳಿದರೂ, ಇಡುವ ಮುನ್ನ ನೀವೇ ನೋಡದೆ ನಂಬಬೇಡಿ. ನಮ್ಮ ಬಡಾವಣೆಗಳಲ್ಲಿ ಗೋಡೆಯಾಚೆ ಒಂದು ಸಂಸಾರ, ಮಹಡಿ ಮೇಲೆ ಇನ್ನೊಂದು. ಹಾಗಾಗಿ ಮೊದಲು ನಳಿಗೆಯ ಮೂತಿ ಯಾರೂ ಇಲ್ಲದ ದಿಕ್ಕಿಗಿರಲಿ, ಬೆರಳು ಟ್ರಿಗರ್‌ನಿಂದ ದೂರವಿರಲಿ. ಆಮೇಲೆ ಮ್ಯಾಗಜೀನ್ ತೆಗೆಯಿರಿ. ಅಷ್ಟಕ್ಕೇ ರೈಫಲ್ ಖಾಲಿಯಾಗುವುದಿಲ್ಲ. ನಳಿಗೆಯ ಬುಡದ ಛೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು, ಬೆಳಕಿನಲ್ಲಿ ಕಣ್ಣಿಟ್ಟು ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ಜೋಡಿನಳಿಗೆ ಕೋವಿಯಾದರೆ ಮಡಚಿ ಎರಡೂ ನಳಿಗೆ ನೋಡಿ.

ಇನ್ನು ಇಡುವ ಜಾಗ. ಬಾಗಿಲ ಮೂಲೆ, ಮಂಚದ ಕೆಳಗೆ, ಅಟ್ಟ ಬೇಡವೇ ಬೇಡ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ, ಬೀಗವಿರುವ ಉಕ್ಕಿನ ಬೀರು ಬೇಕು. ರೈಫಲಿನ ಬೋಲ್ಟ್ ಕಳಚಿ ಬೇರೆ ಕಡೆ ಇಡಿ. ತೋಟಾ, ಗುಂಡುಗಳಿಗೆ ಬೇರೆಯೇ ಪೆಟ್ಟಿಗೆ, ಬೇರೆಯೇ ಬೀಗ. ಕೀಲಿ ಕೋವಿಯ ಒಡೆಯರ ಬಳಿಯೇ ಇರಲಿ. ದೇವರ ಮನೆಯ ಮೊಳೆಗೆ ನೇತುಹಾಕಿದರೆ ಮಕ್ಕಳಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಚರ್ಮದ ಚೀಲ ತೇವ ಹಿಡಿದು ನಳಿಗೆಗೆ ತುಕ್ಕು ತರುತ್ತದೆ. ಒರೆಸಿ, ತೆಳುವಾಗಿ ಎಣ್ಣೆ ಸವರಿ, ಚೀಲವಿಲ್ಲದೆ ಬೀರುವಿನೊಳಗೆ ಇಡಿ.

ಇಷ್ಟೆಲ್ಲ ಕಳ್ಳರಿಗಾಗಿ ಮಾತ್ರವಲ್ಲ. ಮನೆಯಲ್ಲಿ ಜಗಳ, ಕುಡಿತ, ಬೇಸರದ ಗಳಿಗೆಗಳೂ ಬರುತ್ತವೆ. ಆಗ ಎರಡು ಬೀಗ ತೆಗೆಯುವಷ್ಟು ಹೊತ್ತು ಒಂದು ಜೀವ ಉಳಿಸಬಲ್ಲದು. ಮನೆಯವರಲ್ಲಿ ಯಾರಾದರೂ ತೀರಾ ಕುಗ್ಗಿದ್ದರೆ, ಅಥವಾ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಿ ಹೋಗುವುದಿದ್ದರೆ, ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಕೋವಿ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಿರಿ. ಚುನಾವಣೆ ಬಂದಾಗ ಹಲವರು ಮಾಡುವ ಕೆಲಸವೇ ಇದು. ಕೋವಿ ಕಳುವಾದರೆ ತಡಮಾಡದೆ ಠಾಣೆಗೆ ತಿಳಿಸಿ.

ನಿಮ್ಮ ಮನೆಯಲ್ಲಿ ಕೋವಿ ಇದ್ದರೆ ಇವತ್ತೇ ಬೀಗ, ಪೆಟ್ಟಿಗೆ, ಕೀಲಿ ಮೂರನ್ನೂ ಒಮ್ಮೆ ನೋಡಿಕೊಳ್ಳಿ.