ಗರಿಯ ಹಿಂದಿನ ಊರು



ತಾಳೆಗರಿ ಹಸ್ತಪ್ರತಿಗಳ ಈ ಪ್ರದರ್ಶನವನ್ನು ಉದ್ಘಾಟಿಸುತ್ತಿದ್ದೇನೆ. ಒಳಗೆ ಹೋಗುವ ಮುನ್ನ ಒಂದು ಮಾತು: ಈ ಕಟ್ಟುಗಳಲ್ಲಿ ಕವಿಯನ್ನಷ್ಟೇ ಹುಡುಕಬೇಡಿ, ಅವನನ್ನು ಕೇಳಿದ ಊರನ್ನೂ ಹುಡುಕಿ.

ಮಹಾಭಾರತವನ್ನು ಒಬ್ಬರೇ ಕೂತು ಮನಸ್ಸಿನಲ್ಲಿ ಓದಿಕೊಂಡವರು ನಮ್ಮಲ್ಲಿ ಕಡಿಮೆ. ಗಮಕಿ ರಾಗವಾಗಿ ಓದುತ್ತಿದ್ದ, ಪಕ್ಕದಲ್ಲಿದ್ದವರು ಅರ್ಥ ಹೇಳುತ್ತಿದ್ದರು, ಗುಡಿಯ ಜಗಲಿ ತುಂಬ ಜನ ಕೇಳುತ್ತಿದ್ದರು. ಅಕ್ಷರ ಬಾರದವರ ಬಾಯಲ್ಲೂ ಕುಮಾರವ್ಯಾಸನ ಗದುಗಿನ ಭಾರತದ ಷಟ್ಪದಿ ನಿಂತದ್ದು ಹೀಗೆ. ಮಳೆ ಕೈಕೊಟ್ಟ ವರ್ಷ ಊರವರೇ ವಿರಾಟಪರ್ವ ಓದಿಸುತ್ತಿದ್ದರು. ಓದಿಸಿದರೆ ಮಳೆಯಾಗುತ್ತದೆಂಬ ನಂಬಿಕೆ. ಬಿತ್ತನೆಯ ಜೊತೆಗೇ ಕಾವ್ಯವನ್ನೂ ಬದುಕಿಗೆ ಬೇಕಾದದ್ದೆಂದು ಎಣಿಸಿದ ಸಮಾಜ ಅದು. ಆದರೆ ಆ ಜಗಲಿ ಹತ್ತುವ ಹಕ್ಕು ಎಲ್ಲರಿಗೂ ಇರಲಿಲ್ಲ, ಇದನ್ನು ಮುಚ್ಚಿಟ್ಟು ಪರಂಪರೆಯನ್ನು ಹೊಗಳುವುದು ನನ್ನಿಂದಾಗದು. ದೂರ ನಿಂತು ಕೇಳಿದವರೂ ಕಥೆಯನ್ನು ಬಿಟ್ಟುಕೊಡಲಿಲ್ಲ. ಬಯಲಾಟದಲ್ಲಿ, ತೊಗಲುಗೊಂಬೆಯಲ್ಲಿ, ಹಾಡಿನಲ್ಲಿ ಅದನ್ನು ತಮ್ಮದಾಗಿಸಿಕೊಂಡರು.

ಕೇಳುವವರು ಬದಲಾದರೆ ಕಥೆಯೂ ಬದಲಾಗುತ್ತದೆ. 941ರಲ್ಲಿ ಕವಿ ಪಂಪ ತನ್ನ ಭಾರತಕಾವ್ಯದಲ್ಲಿ ದೊರೆ ಅರಿಕೇಸರಿಯನ್ನೇ ಅರ್ಜುನನಾಗಿ ಕಂಡ. ಅಲ್ಲಿ ದ್ರೌಪದಿ ಅರ್ಜುನನೊಬ್ಬನ ಮಡದಿ. ಆಸ್ಥಾನದ ಕಾವ್ಯಕ್ಕೆ ಅದು ಒಪ್ಪುತ್ತಿತ್ತು. ಶತಮಾನಗಳು ಕಳೆದು ಗದುಗಿನ ವೀರನಾರಾಯಣನ ಮುಂದೆ ಕುಮಾರವ್ಯಾಸ ಹೇಳಿದ್ದು ಕೃಷ್ಣನ ಕಥೆಯನ್ನು. ಅವನೆದುರು ಇದ್ದದ್ದು ಭಕ್ತರ ಲೋಕ. ಬರೆದ ಪದವನ್ನು ಅಳಿಸಲೇ ಇಲ್ಲವೆಂಬುದು ಅವನ ಹೆಮ್ಮೆ. ಆದರೆ ಅವನ ಕಾವ್ಯ ಕೈಯಿಂದ ಕೈಗೆ ದಾಟಿದಾಗ ಪಾಠಾಂತರಗಳು ಹುಟ್ಟಿದವು. ಅವುಗಳಲ್ಲಿ ಕಣ್ತಪ್ಪುಗಳಿವೆ, ನಿಜ. ಸಭೆಗೆ ಇನ್ನೊಂದಿಷ್ಟು ಬೇಕೆನಿಸಿದಾಗ ಸೇರಿದ ಪದ್ಯಗಳೂ ಇವೆ.

ಸಂಸ್ಕೃತ ಮೂಲದ ಕಥೆಯೂ ಇದೇ. ಪುಣೆಯ ಭಂಡಾರಕರ ಸಂಶೋಧನ ಸಂಸ್ಥೆ 1919ರಲ್ಲಿ ಮಹಾಭಾರತದ ಪರಿಷ್ಕರಣಕ್ಕೆ ಕೈಹಾಕಿತು. ಶಾರದಾ, ಬಂಗಾಳಿ, ತೆಲುಗು, ಗ್ರಂಥ, ಮಲಯಾಳ ಲಿಪಿಗಳವೂ ಸೇರಿ 1,259 ಹಸ್ತಪ್ರತಿಗಳನ್ನು ನೋಡಿ 1966ರಲ್ಲಿ ಮುಗಿಸಿತು. ವಿ. ಎಸ್. ಸುಕ್ಥಣಕರರು ಆ ಕೆಲಸದಲ್ಲೇ ಬದುಕು ಸವೆಸಿದರು. ಪ್ರಾಚೀನ ಪಾಠವನ್ನು ಮೇಲಿಟ್ಟರೂ, ಬಿಟ್ಟ ಶ್ಲೋಕಗಳನ್ನು ಅಡಿಟಿಪ್ಪಣಿ, ಅನುಬಂಧಗಳಲ್ಲಿ ಕಾಪಾಡಿದರು. ನನಗೆ ಆ ಅಡಿಟಿಪ್ಪಣಿಗಳು ತುಂಬ ಪ್ರಿಯ. ನಾಡುನಾಡಿನ ಜನ ಭಾರತದಿಂದ ಏನನ್ನು ಬಯಸಿದರೆಂಬುದು ಅಲ್ಲಿ ಕಾಣುತ್ತದೆ.

ಇಲ್ಲಿನ ಗರಿಗಳನ್ನು ಹತ್ತಿರದಿಂದ ನೋಡಿ. ಗರಿಯನ್ನು ಬೇಯಿಸಿ, ಒಣಗಿಸಿ, ಉಜ್ಜಿ ನಯಮಾಡಿ, ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆದು, ಮಸಿ ತುಂಬಿದ್ದಾರೆ. ಕೊನೆಯ ಗರಿಯನ್ನು ಬಿಡಬೇಡಿ. ಎಷ್ಟೋ ಲಿಪಿಕಾರರು ತಪ್ಪಿದ್ದರೆ ತಿದ್ದಿಕೊಳ್ಳಿರೆಂದು, ನೀರಿನಿಂದ ಬೆಂಕಿಯಿಂದ ಕಾಪಾಡಿರೆಂದು ಬೇಡಿಕೊಂಡಿರುವುದು ಅಲ್ಲೇ.

ನಿಮ್ಮ ಮನೆಯ ಅಟ್ಟದಲ್ಲಿ ಇಂಥ ಕಟ್ಟಿದ್ದರೆ, ದಯಮಾಡಿ ಹೊಳೆಗೆ ಬಿಡಬೇಡಿ. ಓದಬಲ್ಲವರಿಗೆ ತೋರಿಸಿ, ಛಾಯಾಪ್ರತಿ ತೆಗೆಸಿ, ಇಟ್ಟುಕೊಳ್ಳಲಾಗದಿದ್ದರೆ ಹಸ್ತಪ್ರತಿ ಭಂಡಾರಕ್ಕೆ ಒಪ್ಪಿಸಿ. ಈ ಪ್ರದರ್ಶನ ಈಗ ನಿಮ್ಮದು, ಒಳಗೆ ಬನ್ನಿ.